ಕೋಲಿನ ತುದಿಯಲ್ಲಿ ಮನಸ್ಸು

ಕನಕಪುರ ರಸ್ತೆಯ ಕೋಣನಕುಂಟೆ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ಇಂದು ಅಲ್ಲಿ ಕುಂಟೆಗಿಂತ ಕಟ್ಟಡಗಳೇ ಹೆಚ್ಚು. 2021ರ ಜನವರಿಯಲ್ಲಿ ಮೆಟ್ರೊ ರೈಲು ಕೋಣನಕುಂಟೆ ಕ್ರಾಸ್ ದಾಟಿ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿದ ಮೇಲಂತೂ ಊರು ಮತ್ತು ನಗರದ ನಡುವಿನ ಗೆರೆ ಅಳಿಸಿಹೋಗಿದೆ. ಈ ಭಾಗದಲ್ಲಿ, ಹಾಗೆಯೇ ಜೆ.ಪಿ. ನಗರ, ಬನಶಂಕರಿಗಳ ಕಡೆ, ಅಂಗಡಿ ಸಾಲಿನ ಮೇಲಿನ ಮಹಡಿಗಳಲ್ಲಿ ಹಸಿರು, ನೀಲಿ ಬಟ್ಟೆ ಹೊದಿಸಿದ ಮೇಜುಗಳಿರುವ ಪೂಲ್ ಪಾರ್ಲರ್‌ಗಳನ್ನು ಕಾಣಬಹುದು. ಸಂಜೆಯಾದರೆ ಕಾಲೇಜು ಬಿಟ್ಟ ಹುಡುಗರು, ಕಚೇರಿ ಮುಗಿಸಿದ ಯುವಕರು ಅಲ್ಲಿ ಸೇರುತ್ತಾರೆ.

ಇಂಥ ಯಾವ ಪಾರ್ಲರ್‌ಗೆ ಹೋದರೂ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಒಬ್ಬನೇ ಅಭ್ಯಾಸ ಮಾಡುತ್ತಿರುವ ಹುಡುಗ ಒಂದರ ಹಿಂದೊಂದು ನಾಲ್ಕೈದು ಚೆಂಡುಗಳನ್ನು ಸಲೀಸಾಗಿ ಪಾಕೆಟ್‌ಗೆ ಇಳಿಸುತ್ತಾನೆ. ಅಷ್ಟರಲ್ಲಿ ಗೆಳೆಯರು ಬರುತ್ತಾರೆ, ಆಟ ಶುರುವಾಗುತ್ತದೆ. ಸೋತವನು ಮೇಜಿನ ಬಾಡಿಗೆ ಕೊಡಬೇಕು ಎಂಬ ಕರಾರು ಬೇರೆ. ಈಗ ಅದೇ ಹುಡುಗ, ಪಾಕೆಟ್‌ನ ಬಾಯಲ್ಲೇ ನಿಂತಿರುವ ಎಂಟನೆಯ ನಂಬರಿನ ಕರಿ ಚೆಂಡನ್ನು ತಪ್ಪಿಸುತ್ತಾನೆ. ಮೇಜು ಅದೇ, ಕೋಲು ಅದೇ, ಕೈಯೂ ಅದೇ. ಬದಲಾದದ್ದು ಏನು?

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯಂತೆ, ತಪ್ಪಿಸಿದವನು ಕೋಲಿನ ತುದಿಯ ಚಾಕ್ ಸರಿಯಿಲ್ಲ, ಮೇಜು ಒಂದು ಕಡೆಗೆ ವಾಲಿದೆ ಎನ್ನಬಹುದು. ಗೆಳೆಯರು ‘ಅವನಿಗೆ ಧೈರ್ಯ ಸಾಲದು’ ಎನ್ನಬಹುದು. ಎರಡೂ ಪೂರ್ತಿ ಸರಿಯಲ್ಲ. ಆತ್ಮವಿಶ್ವಾಸವೆಂಬುದು ಈ ಆಟದಲ್ಲಿ ಎಷ್ಟು ಕೆಲಸ ಮಾಡುತ್ತದೆ, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಮೊದಲು ಮೇಜಿನ ಮೇಲಿನ ಲೆಕ್ಕವನ್ನು ನೋಡಬೇಕು.

ಅಕ್ಕಿ ಕಾಳಿನಷ್ಟು ತಪ್ಪು

ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿಲಿಮೀಟರ್. ಮೂಲೆಯ ಪಾಕೆಟ್‌ನ ಬಾಯಿ ಸುಮಾರು 11.5 ಸೆಂಟಿಮೀಟರ್, ಅಂದರೆ ಎರಡು ಚೆಂಡುಗಳಷ್ಟು ಅಗಲ. ಬಿಳಿ ಚೆಂಡಿನಿಂದ ಒಂದು ಮೀಟರ್ ದೂರದಲ್ಲಿ ಬಣ್ಣದ ಚೆಂಡು, ಅಲ್ಲಿಂದ ಇನ್ನೊಂದು ಮೀಟರ್ ದೂರದಲ್ಲಿ ಪಾಕೆಟ್, ಎಲ್ಲವೂ ಒಂದೇ ನೇರದಲ್ಲಿವೆ ಎಂದಿಟ್ಟುಕೊಳ್ಳಿ. ಆಟಗಾರ ಬಿಳಿ ಚೆಂಡನ್ನು ಹೊಡೆಯುವಾಗ ದಿಕ್ಕು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ತಪ್ಪಿತು. ಪರವಾಗಿಲ್ಲ, ತೀರ ಸಣ್ಣ ತಪ್ಪು ಎನಿಸುತ್ತದೆ ಅಲ್ಲವೇ?

ಆದರೆ ಎರಡು ಗುಂಡನೆಯ ವಸ್ತುಗಳು ಡಿಕ್ಕಿಯಾದಾಗ ತಪ್ಪು ಹಿಗ್ಗುತ್ತದೆ. ಒಂದು ಮೀಟರ್ ದೂರವನ್ನು ಚೆಂಡಿನ ವ್ಯಾಸದಿಂದ ಭಾಗಿಸಿದರೆ ಹದಿನೇಳೂವರೆ ಬರುತ್ತದೆ. ಬಣ್ಣದ ಚೆಂಡು ಹೊರಡುವ ದಿಕ್ಕಿನಲ್ಲಿ ತಪ್ಪು ಅಷ್ಟು ಪಟ್ಟು ದೊಡ್ಡದಾಗುತ್ತದೆ. ಹತ್ತನೆಯ ಒಂದು ಡಿಗ್ರಿಯ ತಪ್ಪು ಈಗ ಒಂದೂ ಮುಕ್ಕಾಲು ಡಿಗ್ರಿ. ಚೆಂಡು ಪಾಕೆಟ್ ಬಳಿ ತಲುಪುವಷ್ಟರಲ್ಲಿ ಅದು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಪಾಕೆಟ್ ಕ್ಷಮಿಸುವುದು ಎರಡೂ ಬದಿಗೆ ಮೂರು ಸೆಂಟಿಮೀಟರ್‌ಗಿಂತ ತುಸು ಕಡಿಮೆ. ಚೆಂಡು ಅಂಚಿಗೆ ತಗುಲಿ ಹೊರಗೇ ಉಳಿಯುತ್ತದೆ.

ಇನ್ನು ಆ ಮೊದಲ ತಪ್ಪು ಎಷ್ಟು ದೊಡ್ಡದು? ಮೇಜಿನ ಮೇಲಿಟ್ಟ ಎಡಗೈಗೂ ಕೋಲು ಹಿಡಿದ ಬಲಗೈಗೂ ನಡುವೆ ಸುಮಾರು ಒಂದು ಮೀಟರ್ ಅಂತರ. ಬಲಗೈ ಎರಡು ಮಿಲಿಮೀಟರ್‌ಗೂ ಕಡಿಮೆ ಪಕ್ಕಕ್ಕೆ ಸರಿದರೆ ಸಾಕು. ಒಂದು ಅಕ್ಕಿ ಕಾಳಿನ ಅಗಲ!

ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಬೆರಳುಗಳು ಸಣ್ಣಗೆ ನಡುಗುತ್ತವೆ, ಹಿಡಿ ತಾನಾಗಿ ಬಿಗಿಯಾಗುತ್ತದೆ. ಹುಲಿ ಎದುರಾದಾಗ ಓಡಲು ಇದರಿಂದ ಅನುಕೂಲವೇ. ಅಕ್ಕಿ ಕಾಳಿನ ಅಗಲದ ಲೆಕ್ಕದಲ್ಲಿ ಕೈ ಚಲಿಸಬೇಕಾದ ಆಟಕ್ಕೆ ಮಾತ್ರ ಇದು ಶತ್ರು. ಕ್ರಿಕೆಟ್‌ನ ವೇಗದ ಬೌಲರ್ ತನ್ನ ಉದ್ವೇಗವನ್ನು ಓಟದಲ್ಲಿ ಕರಗಿಸಬಹುದು. ಕಬಡ್ಡಿಯವನು ಎದುರಾಳಿಯ ಮೇಲೆ ಹಾಕಬಹುದು. ಪೂಲ್ ಆಡುವವನಿಗೆ ಅದನ್ನು ಇಳಿಸಲು ಜಾಗವೇ ಇಲ್ಲ.

ಇನ್ನೊಂದು ಸಂಗತಿಯಿದೆ. ಕೋಲಿನ ತುದಿ ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಎಂದರೆ ಹೊಡೆತ ಹೊರಟ ಮೇಲೆ ತಿದ್ದುಪಡಿಗೆ ಅವಕಾಶವೇ ಇಲ್ಲ. ಕೋಲು ಮುಂದಕ್ಕೆ ಚಲಿಸುತ್ತಿರುವಾಗ ‘ಸ್ವಲ್ಪ ಮೆಲ್ಲಗೆ ಹೊಡೆಯಬೇಕಿತ್ತೇನೋ’ ಎಂದು ಮನಸ್ಸು ಅನುಮಾನಿಸಿದರೆ, ಕೈ ಹಳೆಯ ಆಜ್ಞೆಯನ್ನೂ ಪಾಲಿಸುವುದಿಲ್ಲ, ಹೊಸ ಆಜ್ಞೆಯನ್ನೂ ಪಾಲಿಸುವುದಿಲ್ಲ. ಈ ಆಟದಲ್ಲಿ ಆತ್ಮವಿಶ್ವಾಸಕ್ಕೆ ಸರಳ ಅರ್ಥ ಇಷ್ಟೇ: ಹೊಡೆಯುವ ಗಳಿಗೆಯಲ್ಲಿ ಎರಡನೆಯ ಯೋಚನೆ ಇಲ್ಲದಿರುವುದು.

ನಾಲ್ವರು ನೋಡಲು ನಿಂತಾಗ

ನೋಡುವವರಿದ್ದರೆ ಆಟ ಕೆಡುತ್ತದೆಯೋ ಸುಧಾರಿಸುತ್ತದೆಯೋ? ಈ ಪ್ರಶ್ನೆಗೆ ಪೂಲ್ ಮೇಜಿನ ಬಳಿಯೇ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ವರ್ಜೀನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಜೇಮ್ಸ್ ಮೈಕೆಲ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1982ರಲ್ಲಿ ಪ್ರಕಟವಾಯಿತು. ಅವರು ಮೊದಲು ದೂರದಿಂದ, ಆಟಗಾರರಿಗೆ ತಿಳಿಯದಂತೆ, ಯಾರು ಚೆನ್ನಾಗಿ ಆಡುತ್ತಾರೆ, ಯಾರು ಆಡುವುದಿಲ್ಲ ಎಂದು ಗುರುತಿಸಿಕೊಂಡರು. ನಂತರ ನಾಲ್ಕು ಜನ ಹೋಗಿ ಮೇಜಿನ ಪಕ್ಕದಲ್ಲಿ ನೋಡುತ್ತ ನಿಂತರು.

ಫಲಿತಾಂಶ ಕುತೂಹಲಕರ. ಚೆನ್ನಾಗಿ ಆಡುವವರ ಯಶಸ್ಸು ನೂರಕ್ಕೆ 71ರಿಂದ 80ಕ್ಕೆ ಏರಿತು. ಸರಿಯಾಗಿ ಆಡಲು ಬಾರದವರದ್ದು 36ರಿಂದ 25ಕ್ಕೆ ಇಳಿಯಿತು. ಅದೇ ನಾಲ್ಕು ಜೊತೆ ಕಣ್ಣುಗಳು ಒಬ್ಬರನ್ನು ಎತ್ತಿದವು, ಇನ್ನೊಬ್ಬರನ್ನು ಬೀಳಿಸಿದವು. ಪ್ರಯೋಗ ಚಿಕ್ಕದು, ಆಟಗಾರರ ಸಂಖ್ಯೆಯೂ ಕಡಿಮೆ. ಆದರೂ ಅದು ತೋರಿಸಿದ ದಾರಿ ಸ್ಪಷ್ಟವಾಗಿದೆ.

ಇದಕ್ಕೆ ವಿವರಣೆಯನ್ನು ರಾಬರ್ಟ್ ಜಾಯನ್ಸ್ ಎಂಬ ಮನೋವಿಜ್ಞಾನಿ 1965ರಲ್ಲೇ ಕೊಟ್ಟಿದ್ದರು. ಸುತ್ತ ಇತರರಿದ್ದಾಗ ಪ್ರಾಣಿಯ ಉದ್ವೇಗ ಹೆಚ್ಚುತ್ತದೆ. ಉದ್ವೇಗ ಹೆಚ್ಚಿದಾಗ ಅದು ತನಗೆ ಹೆಚ್ಚು ರೂಢಿಯಾದುದನ್ನೇ ಮಾಡುತ್ತದೆ. 1969ರಲ್ಲಿ ಅವರು ಮತ್ತು ಸಹೋದ್ಯೋಗಿಗಳು ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿದರು! ಬೇರೆ ಜಿರಳೆಗಳು ‘ಪ್ರೇಕ್ಷಕ’ರಾಗಿದ್ದಾಗ ನೇರ ದಾರಿಯಲ್ಲಿ ಜಿರಳೆ ಬೇಗ ಓಡಿತು, ತಿರುವಿರುವ ದಾರಿಯಲ್ಲಿ ನಿಧಾನವಾಯಿತು. ಸುಲಭವಾದದ್ದು ಇನ್ನೂ ಸುಲಭ, ಕಷ್ಟವಾದದ್ದು ಇನ್ನೂ ಕಷ್ಟ.

ಪಾರ್ಲರ್‌ನ ಹುಡುಗನಿಗೆ ಇದರಿಂದ ಪಾಠವೊಂದಿದೆ. ಒತ್ತಡ ಹೊಸದಾಗಿ ಏನನ್ನೂ ತರುವುದಿಲ್ಲ. ಒಳಗೆ ಗಟ್ಟಿಯಾಗಿ ಕೂತಿರುವ ರೂಢಿಯನ್ನು ಹೊರಗೆಳೆಯುತ್ತದೆ. ರೂಢಿ ಸರಿಯಿದ್ದರೆ ಸರಿಯಾದ ಹೊಡೆತ, ತಪ್ಪಾಗಿದ್ದರೆ ತಪ್ಪು ಹೊಡೆತ. ಒಂಟಿಯಾಗಿ ಆಡುವಾಗ ಹತ್ತಕ್ಕೆ ಆರು ಬೀಳುತ್ತಿದ್ದುದನ್ನು ಅವನು ‘ನನಗೆ ಬರುತ್ತದೆ’ ಎಂದುಕೊಂಡಿದ್ದ. ಉಳಿದ ನಾಲ್ಕರ ಲೆಕ್ಕ ಇಟ್ಟಿರಲಿಲ್ಲ.

ಕುರ್ಚಿಯ ಮೇಲಿನ ಪರೀಕ್ಷೆ

ಪೂಲ್, ಬಿಲಿಯರ್ಡ್ಸ್, ಸ್ನೂಕರ್ ಮೂರೂ ಕೋಲಿನಿಂದ ಚೆಂಡು ಹೊಡೆಯುವ ಒಂದೇ ಕುಟುಂಬದ ಆಟಗಳು. ಎಂಟು ಚೆಂಡಿನ ಪೂಲ್‌ನಲ್ಲಿ ಬಿಳಿಯದೂ ಸೇರಿ 16 ಚೆಂಡುಗಳು. ಸ್ನೂಕರ್‌ನಲ್ಲಿ 22, ಮೇಜು ದೊಡ್ಡದು, ಚೆಂಡು ಚಿಕ್ಕದು. ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡುಗಳು. ಮೂರಕ್ಕೂ ಸಮಾನವಾದ ಕಷ್ಟವೊಂದಿದೆ. ಎದುರಾಳಿ ಆಡುತ್ತಿರುವಾಗ ಕೈಕಟ್ಟಿ ಕುರ್ಚಿಯಲ್ಲಿ ಕೂತಿರಬೇಕು. ಟೆನಿಸ್‌ನಲ್ಲಿ ಅವನ ಹೊಡೆತಕ್ಕೆ ಉತ್ತರ ಕೊಡಬಹುದು. ಇಲ್ಲಿ ತನ್ನ ಸೋಲು ಕಣ್ಣೆದುರು ಬೆಳೆಯುವುದನ್ನು ನೋಡುತ್ತ ಕೂರಬೇಕು. ಮನಸ್ಸು ಅಲೆದಾಡಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ?

1985ರ ವಿಶ್ವ ಸ್ನೂಕರ್ ಫೈನಲ್ ಇದಕ್ಕೆ ಹೆಸರಾದ ಉದಾಹರಣೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಆಗಿನ ಅಗ್ರ ಆಟಗಾರ ಸ್ಟೀವ್ ಡೇವಿಸ್ ಮೊದಲ ಎಂಟು ಫ್ರೇಮ್‌ಗಳನ್ನೂ ಗೆದ್ದುಬಿಟ್ಟರು. ಎದುರಾಳಿ ಡೆನಿಸ್ ಟೇಲರ್ ಕುರ್ಚಿ ಬಿಟ್ಟು ಏಳುವುದೇ ಅಪರೂಪವಾಗಿತ್ತು. ಆದರೂ ಅವರು ಒಂದೊಂದೇ ಫ್ರೇಮ್ ಗೆಲ್ಲುತ್ತ 17-17ಕ್ಕೆ ತಂದರು. ಕೊನೆಯ ಫ್ರೇಮ್, ಕೊನೆಯ ಕರಿ ಚೆಂಡು. ಡೇವಿಸ್ ಅದನ್ನು ತಪ್ಪಿಸಿದರು, ಟೇಲರ್ ಹಾಕಿದರು. ಇಡೀ ಪಂದ್ಯದಲ್ಲಿ ಟೇಲರ್ ಮುಂದಿದ್ದದ್ದು ಆ ಕೊನೆಯ ಚೆಂಡು ಬಿದ್ದಾಗ ಮಾತ್ರ! ಮಧ್ಯರಾತ್ರಿ ದಾಟಿದ್ದರೂ ಬ್ರಿಟನ್ನಿನಲ್ಲಿ ಒಂದು ಕೋಟಿ 85 ಲಕ್ಷ ಜನ ಟಿ.ವಿ. ಮುಂದೆ ಕೂತಿದ್ದರು.

1994ರಲ್ಲಿ ಜಿಮ್ಮಿ ವೈಟ್ ತಮ್ಮ ಆರನೆಯ ಫೈನಲ್‌ನಲ್ಲಿ, ನಿರ್ಣಾಯಕ ಫ್ರೇಮಿನಲ್ಲಿ 37-24ರಿಂದ ಮುಂದಿದ್ದಾಗ, ತಮ್ಮಂಥವರಿಗೆ ಕಷ್ಟವಲ್ಲದ ಕರಿ ಚೆಂಡನ್ನು ತಪ್ಪಿಸಿದರು. ಸ್ಟೀಫನ್ ಹೆಂಡ್ರಿ ಎದ್ದು ಬಂದು 58 ಅಂಕ ಗಳಿಸಿ ಪಂದ್ಯ ಮುಗಿಸಿದರು. ವೈಟ್ ವಿಶ್ವ ಚಾಂಪಿಯನ್ ಆಗಲೇ ಇಲ್ಲ.

ಡೇವಿಸ್ ಮತ್ತು ವೈಟ್ ಅವರಿಗೆ ಆತ್ಮವಿಶ್ವಾಸದ ಕೊರತೆಯಿತ್ತೆಂದು ಯಾರೂ ಹೇಳಲಾರರು. ಲೋಕದ ಉತ್ತಮ ಆಟಗಾರರ ಕೈಯೂ ಕೆಲವೊಮ್ಮೆ ಅಕ್ಕಿ ಕಾಳಿನಷ್ಟು ಸರಿಯುತ್ತದೆ. ಹಾಗಾಗಿ ತಪ್ಪಿಸಿದ ಪಾರ್ಲರ್ ಹುಡುಗನನ್ನು ಪುಕ್ಕಲ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಅಣ್ಣ ಹಚ್ಚಿದ ಆಟ

ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ಪಂಕಜ್ ಅಡ್ವಾಣಿ ಇದ್ದಾರೆ. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಎಳೆಯ ವಯಸ್ಸನ್ನು ಕುವೈತ್‌ನಲ್ಲಿ ಕಳೆದು, ನಂತರ ಬೆಂಗಳೂರಿನಲ್ಲಿ ನೆಲೆಸಿದ ಹುಡುಗ. ಹತ್ತು ವರ್ಷದವನಾಗಿದ್ದಾಗ ಅಣ್ಣ ಶ್ರೀಯ ಹಿಂದೆ ಸ್ನೂಕರ್ ಪಾರ್ಲರ್‌ಗೆ ಹೋದ. ಅಲ್ಲಿಂದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ, ಅಲ್ಲಿ ಅರವಿಂದ ಸವೂರ್ ಎಂಬ ಗುರು. 2003ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಚೀನಾದಲ್ಲಿ ನಡೆದ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಅಂಕಗಳ ಆಟ, ಸಮಯದ ಆಟ ಎರಡರಲ್ಲೂ ವಿಶ್ವ ಪ್ರಶಸ್ತಿ. 2006ರ ದೋಹಾ ಮತ್ತು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ. 2018ರಲ್ಲಿ ಪದ್ಮಭೂಷಣ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದು ಅವರ 28ನೆಯ ವಿಶ್ವ ಪ್ರಶಸ್ತಿ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆಟ ಹಚ್ಚಿದ ಅಣ್ಣ ಶ್ರೀ ಅಡ್ವಾಣಿ ಮುಂದೆ ಕ್ರೀಡಾ ಮನಃಶಾಸ್ತ್ರಜ್ಞರಾದರು. ತಮ್ಮನ ಬೆನ್ನಿಗೆ ಕೈಯ ಗುರುವೂ ಇದ್ದರು, ಮನಸ್ಸಿನ ಗುರುವೂ ಇದ್ದರು. ಆಟಗಾರನ ಮನಸ್ಸಿಗೂ ತರಬೇತಿ ಬೇಕು, ಅದು ಹುಟ್ಟಿನಿಂದ ಬಂದ ಗುಣವೆಂದು ಕೈಬಿಡಬಾರದು ಎಂಬುದನ್ನು ಆ ಮನೆ ಬೇಗ ಅರಿತಿತ್ತು.

2012ರಲ್ಲಿ ಪಂಕಜ್ ಬ್ರಿಟನ್ನಿನ ವೃತ್ತಿಪರ ಸ್ನೂಕರ್ ವಲಯಕ್ಕೆ ಹೋದರು. 2013ರ ವೆಲ್ಷ್ ಓಪನ್‌ನಲ್ಲಿ ಎಂಟರ ಘಟ್ಟ ತಲುಪಿದರು. ಆದರೂ 2014ರಲ್ಲಿ ಆ ಹಾದಿ ಬಿಟ್ಟು, ಹೆಚ್ಚು ಕಾಲ ತಾಯ್ನಾಡಿನಲ್ಲಿ ಇರಲು ಹಿಂದಿರುಗಿದರು. ಹೊರಗಿನವರಿಗೆ ಇದು ಹಿಂದೆ ಸರಿದಂತೆ ಕಾಣಬಹುದು. ಅದೇ ವರ್ಷ ಲೀಡ್ಸ್‌ನಲ್ಲಿ ಅವರು ಬಿಲಿಯರ್ಡ್ಸ್‌ನ ಎರಡೂ ಬಗೆಯ ವಿಶ್ವ ಪ್ರಶಸ್ತಿಗಳನ್ನು ಗೆದ್ದರು. ತನ್ನ ಮನಸ್ಸು ಎಲ್ಲಿ ನೆಮ್ಮದಿಯಾಗಿರುತ್ತದೆ ಎಂದು ತಿಳಿದಿರುವುದೂ ಆಟದ ಒಂದು ಭಾಗವೇ.

ಟೈಪ್ ಮಾಡುವ ಕೈಗೆ ಕೋಲು

ಹತ್ತನೆಯ ವಯಸ್ಸಿಗೆ ಕೋಲು ಹಿಡಿದವರಿಗಷ್ಟೇ ಇದು ಸಾಧ್ಯ ಎನ್ನುವವರು ಆರ್. ಉಮಾದೇವಿ ಅವರನ್ನು ನೋಡಬೇಕು. ರಾಜ್ಯ ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದ ಅವರು ಆಡುತ್ತಿದ್ದುದು ಟೇಬಲ್ ಟೆನಿಸ್. ಬಿಲಿಯರ್ಡ್ಸ್ ಮೇಜಿನ ಬಳಿ ಬಂದದ್ದು ವಯಸ್ಕರಾಗಿ, ನೌಕರಿಗೆ ಸೇರಿದ ಮೇಲೆ. 2012ರಲ್ಲಿ ಇಂಗ್ಲೆಂಡಿನಲ್ಲಿ ಅವರು ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಅವರಿಗಿಂತ ಮೊದಲು ಬೆಂಗಳೂರಿನ ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ ಅದೇ ಪಟ್ಟ ಗೆದ್ದಿದ್ದರು. ಕರ್ನಾಟಕದ ಪರ ಆಡುವ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ನಡೆದ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಆಟಗಾರ್ತಿ ಎದುರು 5-6ರಿಂದ ಸೋತರು. ಒಂದೇ ಫ್ರೇಮಿನ ಅಂತರ. ಹಾಗೆ ಸೋತವರನ್ನೂ ಗೆದ್ದವರ ಸಾಲಿನಲ್ಲೇ ಇಟ್ಟು ನೋಡಬೇಕು.

ವಿಶ್ವಾಸದ ನಾಲ್ಕು ಬೇರುಗಳು

‘ಧೈರ್ಯವಾಗಿ ಆಡು’ ಎಂದು ಹೇಳುವುದು ಸುಲಭ. ಧೈರ್ಯ ಬರುವುದು ಎಲ್ಲಿಂದ? ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1977ರಲ್ಲಿ ಇದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು.

ಮೊದಲನೆಯದು ಮತ್ತು ಎಲ್ಲಕ್ಕಿಂತ ಬಲವಾದದ್ದು, ಆ ಕೆಲಸವನ್ನು ತಾನೇ ಮಾಡಿ ಗೆದ್ದ ಅನುಭವ. ಎರಡನೆಯದು, ತನ್ನಂಥವನೇ ಇನ್ನೊಬ್ಬ ಗೆದ್ದದ್ದನ್ನು ಕಂಡಿರುವುದು. ಪಂಕಜ್ ನಂತರ ಬೆಂಗಳೂರಿನ ಎಷ್ಟೋ ಮಕ್ಕಳು ಕೋಲು ಹಿಡಿದಿದ್ದರೆ ಅದರ ಹಿಂದಿನ ಕಾರಣ ಇದೇ. ಮೂರನೆಯದು, ನಂಬಿಕೆಯಿರುವವರು ಹೇಳುವ ಪ್ರೋತ್ಸಾಹದ ಮಾತು. ನಾಲ್ಕನೆಯದು, ತನ್ನ ದೇಹದ ಸ್ಥಿತಿಯನ್ನು ತಾನು ಹೇಗೆ ಅರ್ಥ ಮಾಡಿಕೊಳ್ಳುತ್ತೇನೆ ಎಂಬುದು. ಎದೆ ಡವಡವ ಎಂದಾಗ ‘ಹೆದರಿಬಿಟ್ಟೆ’ ಎಂದುಕೊಳ್ಳಬಹುದು, ‘ದೇಹ ಸಿದ್ಧವಾಗುತ್ತಿದೆ’ ಎಂದೂ ಅಂದುಕೊಳ್ಳಬಹುದು.

ಹೊಗಳಿಕೆಗೆ ಇಲ್ಲಿ ಮೂರನೆಯ ಸ್ಥಾನ. ಅಭ್ಯಾಸವಿಲ್ಲದೆ ಬರೀ ಹೊಗಳಿಕೆಯಿಂದ ಉಬ್ಬಿದ ವಿಶ್ವಾಸ ಮೊದಲ ತಪ್ಪು ಹೊಡೆತಕ್ಕೇ ಒಡೆಯುತ್ತದೆ. ಅಂಥವನು ಸುಲಭದ ಚೆಂಡು ಬಿಟ್ಟು ಕಷ್ಟದ್ದಕ್ಕೆ ಕೈ ಹಾಕುತ್ತಾನೆ. ಫ್ಲೂಕ್‌ನಿಂದ ಬಿದ್ದದ್ದನ್ನು ತನ್ನ ಜಾಣ್ಮೆ ಎಂದು ಲೆಕ್ಕ ಹಾಕುತ್ತಾನೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದು ಪೂಲ್ ಮೇಜಿಗೂ ಸಲ್ಲುವ ಮಾತು.

ಮೊದಲ ಮೂಲವನ್ನು ಬೆಳೆಸಲು ಒಂದು ನೋಟ್‌ಬುಕ್ ಸಾಕು. ಸುಲಭವಾದ ಒಂದೇ ಹೊಡೆತವನ್ನು ಒಂದೇ ಜಾಗದಿಂದ ಹತ್ತು ಸಲ ಆಡಿ, ಎಷ್ಟು ಬಿತ್ತು ಎಂದು ಬರೆಯಬೇಕು. ಹತ್ತಕ್ಕೆ ಒಂಬತ್ತು ಬೀಳುವ ತನಕ ಅದನ್ನೇ ಆಡಬೇಕು, ಆಮೇಲೆ ದೂರ ಹೆಚ್ಚಿಸಬೇಕು. ಬೇಸರದ ಕೆಲಸ ನಿಜ. ಆದರೆ ಪಂದ್ಯದ ದಿನ ಅಂಥದೇ ಚೆಂಡು ಎದುರಾದಾಗ, ‘ಇದನ್ನು ಹತ್ತಕ್ಕೆ ಒಂಬತ್ತು ಸಲ ಹಾಕಿದ್ದೇನೆ’ ಎಂಬುದು ಬರಿಯ ಸಮಾಧಾನದ ಮಾತಾಗಿರುವುದಿಲ್ಲ, ಪುಸ್ತಕದಲ್ಲಿರುವ ಲೆಕ್ಕವಾಗಿರುತ್ತದೆ. ಹಾಡುತ್ತಾ ಹಾಡುತ್ತಾ ರಾಗ ಎಂದು ಹಿರಿಯರು ಹೇಳಿದ್ದು ಇದನ್ನೇ.

ನಿಂತು ಯೋಚನೆ, ಬಗ್ಗಿ ಹೊಡೆತ

ಅಭ್ಯಾಸ ಗಟ್ಟಿಯಿದ್ದರೂ ಪಂದ್ಯದ ದಿನ ಮನಸ್ಸು ಅಡ್ಡ ಬರಬಹುದು. ಚೆನ್ನಾಗಿ ಬರುವ ಕೆಲಸವನ್ನು ಒತ್ತಡದಲ್ಲಿ ಬಿಡಿಬಿಡಿಯಾಗಿ ಗಮನಿಸತೊಡಗಿದರೆ ಅದು ಕೆಡುತ್ತದೆ ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಟ್ಟರೆ ಎಡವುತ್ತೇವಲ್ಲ, ಹಾಗೆ. ‘ತಪ್ಪಿಸಬಾರದು, ತಪ್ಪಿಸಬಾರದು’ ಎಂಬ ಜಪವೂ ಅಪಾಯಕಾರಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದರೆ ಅದೇ ನೆನಪಿಗೆ ಬರುತ್ತದೆಂದು ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದ್ದರು.

ಅನುಭವಿಗಳು ಇದಕ್ಕಾಗಿ ಪ್ರತಿ ಹೊಡೆತಕ್ಕೂ ಒಂದೇ ಕ್ರಮವನ್ನು ಇಟ್ಟುಕೊಂಡಿರುತ್ತಾರೆ. ನೆಟ್ಟಗೆ ನಿಂತಿರುವಾಗಲೇ ಎಲ್ಲ ತೀರ್ಮಾನ: ಯಾವ ಚೆಂಡು, ಯಾವ ಪಾಕೆಟ್, ಎಷ್ಟು ಬಲ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು. ಕೋಲಿಗೆ ಚಾಕ್, ಒಂದು ದೀರ್ಘ ಉಸಿರು, ಆಮೇಲೆ ಬಗ್ಗುವುದು. ಎರಡು ಮೂರು ಸಲ ಕೋಲು ಹಿಂದೆ ಮುಂದೆ ಆಡಿಸಿ, ಕಣ್ಣು ಗುರಿಯಲ್ಲಿ ನಿಂತ ಮೇಲೆ ಹೊಡೆತ. ಕಣ್ಣು ನಿಲ್ಲುವುದು ಮುಖ್ಯ. ಕೆನಡಾದ ಜೋನ್ ವಿಕರ್ಸ್ 1996ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಗುರುತಿಸಿದ್ದನ್ನು 2002ರಲ್ಲಿ ಬಿಲಿಯರ್ಡ್ಸ್ ಆಟಗಾರರಲ್ಲೂ ಸಂಶೋಧಕರು ಕಂಡರು. ನುರಿತವರ ಕೊನೆಯ ನೋಟ ಗುರಿಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕಲಿಯುವವರದ್ದು ಬೇಗ ಅಲುಗುತ್ತದೆ.

ತಪ್ಪಿಸಿದ ಮೇಲೆ ಏನು? ಕುರ್ಚಿಯಲ್ಲಿ ಕೂತು ಆ ಹೊಡೆತವನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಆಡುವುದರಿಂದ ಮುಂದಿನದೂ ಹಾಳಾಗುತ್ತದೆ. ಬಲ ಹೆಚ್ಚಾಯಿತೋ ಗುರಿ ತಪ್ಪಿತೋ ಎಂದು ಒಂದು ಮಾತಿನಲ್ಲಿ ನಿರ್ಧರಿಸಿ, ಉಳಿದದ್ದನ್ನು ಮನೆಗೆ ಹೋಗಿ ನೋಟ್‌ಬುಕ್‌ನಲ್ಲಿ ಬರೆದರಾಯಿತು.

ಮನೆಯವರಿಗೊಂದು ಮಾತು

ಪೂಲ್ ಪಾರ್ಲರ್ ಎಂದರೆ ಇಂದಿಗೂ ಅನೇಕ ತಂದೆತಾಯಿಯರ ಹುಬ್ಬು ಗಂಟಿಕ್ಕುತ್ತದೆ. ಬಾಜಿ, ಹೊಗೆ, ಓದಿನ ಹಾಳು ಎಂಬ ಭಯ ಆಧಾರವಿಲ್ಲದ್ದಲ್ಲ. ಹಣದ ಬಾಜಿ ನಡೆಯುವ ಜಾಗಕ್ಕೆ ಮಗನನ್ನು ಕಳಿಸದಿರುವುದೇ ಸರಿ. ಆದರೆ ಆಟವನ್ನೇ ದೂಷಿಸುವ ಮೊದಲು, ಮಗ ಅಲ್ಲಿ ಏನು ಕಲಿಯುತ್ತಿದ್ದಾನೆ ಎಂದು ಒಮ್ಮೆ ಕೇಳಬೇಕು. ಮನೆಯಲ್ಲಿ ಲೆಕ್ಕವೆಲ್ಲ ಬಿಡಿಸಿ, ಪರೀಕ್ಷಾ ಕೊಠಡಿಯಲ್ಲಿ ತಲೆ ಖಾಲಿಯಾಗಿ ಕೂರುವ ಮಕ್ಕಳನ್ನು ಪ್ರತಿ ಶಾಲೆಯಲ್ಲೂ ನೋಡಬಹುದು. ಅವರ ಕಷ್ಟವೂ ಕರಿ ಚೆಂಡು ತಪ್ಪಿಸಿದ ಹುಡುಗನ ಕಷ್ಟವೂ ಒಂದೇ ಜಾತಿಯವು. ‘ನಿನ್ನ ಕೈಲಿ ಆಗುವುದಿಲ್ಲ’ ಎಂಬ ಮಾತು ಇಬ್ಬರಿಗೂ ಸಮನಾಗಿ ನಾಟುತ್ತದೆ. ‘ಹತ್ತಕ್ಕೆ ಎಷ್ಟು ಬಿತ್ತು?’ ಎಂಬ ಪ್ರಶ್ನೆ ಇಬ್ಬರಿಗೂ ಸಮನಾಗಿ ನೆರವಾಗುತ್ತದೆ.

ಮೇಜಿನ ಮೇಲೆ ಬಗ್ಗಿದ ನಂತರ ಅನುಮಾನ ಬಂದರೆ ಏನು ಮಾಡಬೇಕೆಂದು ಯಾವ ಒಳ್ಳೆಯ ಗುರುವನ್ನು ಕೇಳಿದರೂ ಉತ್ತರ ಒಂದೇ: ಹೊಡೆಯಬೇಡ, ಎದ್ದು ನಿಲ್ಲು, ಮತ್ತೆ ನೋಡು, ತೀರ್ಮಾನಿಸಿ ಬಗ್ಗು. ಸುತ್ತ ನಿಂತ ನಾಲ್ವರು ನಕ್ಕರೂ ಚಿಂತೆಯಿಲ್ಲ. ಎದ್ದು ನಿಲ್ಲುವುದಕ್ಕೆ ಆಟದಲ್ಲಿ ಫೌಲ್ ಇಲ್ಲ.